ಎರಡು ಸಲ ಬಂದೆ

ಬಂದೆ ಅನ್ನುವ ಮಾತಿಗೆ ಆ ಮನೆಯಲ್ಲಿ ಎರಡು ಬೆಲೆ ಇತ್ತು. ಮಾವ ಫೋನೆತ್ತಿ ಒಂದೇ ಸಲ, ಕತ್ತರಿಸಿದ ಹಾಗೆ, “ಬಂದೆ” ಅಂದರೆ ಕಾಲು ಆಗಲೇ ಚಪ್ಪಲಿಯೊಳಗೆ ಇರುತ್ತಿತ್ತು. ತಟ್ಟೆಯಲ್ಲಿ ಅನ್ನ ಆರಲಿ, ಅಂಗಡಿಯಲ್ಲಿ ಗಿರಾಕಿ ನಿಂತಿರಲಿ, ವ್ಯಾನು ರಸ್ತೆಗೆ ಇಳಿದೇ ಬಿಡುತ್ತಿತ್ತು. “ಬಂದೆ, ಬಂದೆ” ಎಂದು ಎರಡು ಸಲ ಅಂದರೆ ಬರುವುದಿಲ್ಲ ಅಂತ ಅರ್ಥ. ಒಂದು ಬಂದೆ ಊರಿನದು, ಎರಡು ಬಂದೆ ಮನೆಯದು. ಇದನ್ನು ಮೊದಲು ಕಂಡುಹಿಡಿದವಳು ಮೊಮ್ಮಗಳು ಪುಟ್ಟಿ.

“ಅಜ್ಜಿ, ತಾತ ಎರಡು ಸಲ ಅಂದ್ರು. ಊಟ ಮುಚ್ಚಿಡು” ಎಂದು ಅವಳು ಒಂದು ದಿನ ಹೇಳಿದಾಗ ಅತ್ತೆ ಬಿದ್ದು ಬಿದ್ದು ನಕ್ಕರು. ಸೊಸೆ ನಗಲಿಲ್ಲ. ಮುಚ್ಚಿಟ್ಟ ಊಟವನ್ನು ಮತ್ತೆ ಬಿಸಿ ಮಾಡುವವಳು ಅವಳೇ.

ಮಾವ ಯುದ್ಧಕ್ಕೆ ಹೋಗಿ ಬಂದವರು. ಗುಂಡು ಹಾರಿಸಿದ್ದು ಕಡಿಮೆ, ಗಾಯಾಳುಗಳನ್ನು ಲಾರಿಯಲ್ಲಿ ಹೊತ್ತು ತಂದದ್ದು ಹೆಚ್ಚು. ಸೇವೆ ಮುಗಿಸಿ ಬಂದವರು ಪೇಟೆಯ ಬೀದಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ತೆರೆದರು. ಸುಟ್ಟ ಫ್ಯಾನು, ಮಿಕ್ಸಿ, ನೀರಿನ ಪಂಪು, ಇವುಗಳ ಹೊಟ್ಟೆಯಿಂದ ಕರಿಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಬೋರ್ಡಿನ ಮೇಲೆ ಸಮವಸ್ತ್ರದಲ್ಲಿ ಮಾವನ ಪಟ. ಒಳಗೆ ಬಲ್ಬಿನ ಕೆಳಗೆ ಕೂತು ಸುತ್ತುತ್ತಿದ್ದವರು ಅತ್ತೆ. ಮಾವ ಬಿಚ್ಚುತ್ತಿದ್ದರು, ಮಾತಾಡುತ್ತಿದ್ದರು, ಹೊರಟುಹೋಗುತ್ತಿದ್ದರು.

ಸುತ್ತುವಾಗ ಅತ್ತೆ ತುಟಿಯಲ್ಲೇ ಎಣಿಸುತ್ತಿದ್ದರು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟಾರು ಕಾದು ಮತ್ತೆ ಸುಡುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಾಯಿ ತೆರೆದರೆ ಎಡಗೈ ಅಂಗೈ ಎತ್ತಿ ಹಿಡಿಯುತ್ತಿದ್ದರು. ಸಾಲಗಾರ ಬಂದರೂ ಅಷ್ಟೆ, ಸಾಹೇಬ ಬಂದರೂ ಅಷ್ಟೆ, ಎಲ್ಲರೂ ನಿಲ್ಲಬೇಕು. ಎಣಿಕೆ ಮುಗಿದ ಮೇಲೆ ಕೈ ಇಳಿಸಿ, “ಹ್ಞಾಂ, ಏನಂದ್ರಿ?” ಎಂದು ನಗುತ್ತಿದ್ದರು.

ವ್ಯಾನು ಕೊಂಡದ್ದು ಅಂಗಡಿಗೆ. ಸೇವಾ ಸಂಘಕ್ಕೆ ಸೇರಿದ ಮೇಲೆ ಮಾವ ಅದಕ್ಕೆ ಬಿಳಿ ಬಣ್ಣ ಹೊಡೆಸಿ, ಒಳಗೆ ಮಂಚ ಕೂರಿಸಿ, ಹೊರಗೆ ಸ್ವಂತ ಫೋನ್ ನಂಬರು ಬರೆಸಿದರು. ಯಾರಿಗೆ ಎದೆನೋವು ಬರಲಿ, ಯಾವ ಮುದುಕಿ ಜಾರಿ ಬೀಳಲಿ, ಮಿಲ್ಟ್ರಿಯಣ್ಣನ ವ್ಯಾನು ಹಾಜರು. ಬಾಡಿಗೆ ಇಲ್ಲ, ಬಿಡಿಗಾಸಿಲ್ಲ. ಊರು ಹೊಗಳುತ್ತಿತ್ತು, ಹೊಗಳಲೇಬೇಕು. ಹಾಗೆ ಓಡಿಹೋಗುವ ಮನುಷ್ಯರು ಎಷ್ಟು ಜನ ಇದ್ದಾರೆ? ಆದರೆ ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಯಾರೋ ಒಬ್ಬ ಸೊಸೆಯೇ ಕಟ್ಟಿರಬೇಕು ಎಂದು ಈ ಸೊಸೆಗೆ ಅನಿಸುತ್ತಿತ್ತು.

ಅತ್ತೆಗೆ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣತೊಡಗಿದ್ದು ಆ ದಿನಗಳಲ್ಲಿ. “ಚೆನ್ನಾಗೇ ಇದೆ ಕಣೇ, ಪುಕ್ಕಟೆ ತಮಾಷೆ” ಅಂದರು. ಆಗಾಗ ಹಣೆಯ ಬಲಗಡೆ ಒತ್ತಿಕೊಳ್ಳುತ್ತಿದ್ದರು. ಸೊಸೆ ಅಂಗಡಿಯ ಬಾಗಿಲು ಎಳೆದು, ಎರಡು ಬಸ್ಸು ಬದಲಾಯಿಸಿ, ಸೇತುವೆಯ ಆಚೆ ಇದ್ದ ಕಣ್ಣಿನ ಆಸ್ಪತ್ರೆಗೆ ಅವರನ್ನು ಕರೆದೊಯ್ದಳು.

ಡಾಕ್ಟರಮ್ಮ ಮಾತು ಉದ್ದ ಮಾಡುವವಳಲ್ಲ. “ಕಣ್ಣೊಳಗೆ ನೀರು ಹರಿಯೋ ದಾರಿ ಕಿರಿದಾಗಿದೆ. ಎರಡೂ ಕಣ್ಣಿಗೆ ಲೇಸರ್ ಮಾಡ್ಬೇಕು. ವಾರದೊಳಗೆ ಬನ್ನಿ. ಅಷ್ಟರಲ್ಲಿ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿ ಬಂದ್ರೆ ಕಾಯ್ಬೇಡಿ. ಓಡಿ ಬನ್ನಿ. ತಡ ಆದ್ರೆ ಹೋದ ದೃಷ್ಟಿ ವಾಪಸ್ ಬರಲ್ಲ.”

ಆ ದಿನ ಊಟಕ್ಕೆ ಎಲ್ಲರೂ ಕೂತಿದ್ದರು. ಅಪರೂಪಕ್ಕೆ ಮಾವನೂ ಇದ್ದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡನೂ ಇದ್ದ. ಸೊಸೆ ಬೇಳೆ ಬಡಿಸುತ್ತ ವಿಷಯ ತೆಗೆದಳು.

“ಬಸ್ಸಲ್ಲಿ ಹೋದ್ರಾ?” ಮಾವ ತುತ್ತು ನಿಲ್ಲಿಸಿದರು. “ನನಗೆ ಹೇಳೋಕೇನಾಗಿತ್ತು?”

“ಹೇಳಿದ್ನಲ್ಲ ಮಾವ, ಬೆಳಿಗ್ಗೆ. ಬಂದೆ ಬಂದೆ ಅಂದ್ರಿ.”

“ಮತ್ತೆ ಕಾಯಬೇಕಿತ್ತು. ಊರೋರನ್ನೆಲ್ಲ ಹೊತ್ಕೊಂಡು ಹೋಗೋ ಗಾಡಿ ನಂದು. ನನ್ನ ಹೆಂಡತಿ ಬಸ್ಸಲ್ಲಿ ನಿಂತ್ಕೊಂಡು ಆಸ್ಪತ್ರೆಗೆ ಹೋಗ್ತಾಳೆ ಅಂದ್ರೆ ನೋಡಿದೋರು ಏನಂತಾರೆ? ನನ್ನ ಮುಖಕ್ಕೆ ಉಗೀತಾರೆ.”

“ಉಗಿಯೋರು ಉಗೀಲಿ, ಕಣ್ಣು ಉಳಿಯತ್ತಲ್ಲ.”

“ಬಾಯಿಗೆ ಬಾಯಿ ಕೊಡಬೇಡ. ಲೇಸರ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಇನ್ನೊಂದು ಸಲ ಬಸ್ಸು, ಟ್ಯಾಕ್ಸಿ ಅಂತ ಈ ಮನೆ ಹೆಂಗಸರು ಹತ್ತಿದ್ದು ಕಂಡ್ರೆ ಆಮೇಲೆ ನೋಡು.”

ಸೊಸೆ ಗಂಡನ ಕಡೆ ನೋಡಿದಳು. ಅವನು ತಟ್ಟೆಯಲ್ಲಿ ಏನೋ ಕಳೆದುಕೊಂಡವನ ಹಾಗೆ ಹುಡುಕುತ್ತಿದ್ದ. ಅತ್ತೆ, “ಹೋಗ್ಲಿ ಬಿಡೇ, ಅವರೇ ಕರ್ಕೊಂಡು ಹೋಗ್ತಾರಂತಲ್ಲ” ಎಂದು ಮಾವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಲೇಸರ್ ದಿನ ಅತ್ತೆ ಬೆಳಿಗ್ಗೆಯೇ ಒಳ್ಳೆ ಬಟ್ಟೆ ಉಟ್ಟು ಬಾಗಿಲ ಬಳಿ ಕೂತರು. ಮಾವ ಯಾರನ್ನೋ ಹೆರಿಗೆಗೆ ಕರೆದೊಯ್ದಿದ್ದರು. ಫೋನ್ ಮಾಡಿದರೆ “ಬಂದೆ, ಬಂದೆ.” ಸಂಜೆ ಬಂದವರು ಸಿಹಿ ತಂದಿದ್ದರು, ಗಂಡು ಮಗುವಂತೆ. ಆಸ್ಪತ್ರೆಯವರು ಇನ್ನೊಂದು ದಿನ ಕೊಟ್ಟರು. ಆ ದಿನ ಸಂಘದ ರಕ್ತದಾನ ಶಿಬಿರ. ಮತ್ತೊಂದು ದಿನ ಕೇಳಿದಾಗ ಅಲ್ಲಿಯ ಹುಡುಗಿ, “ನಿಮಗೆ ಬೇಡಾಂದ್ರೆ ಬೇರೆಯವರಿಗಾದ್ರೂ ಬಿಡಿ ಅಮ್ಮಾ” ಅಂದಳು.

“ನಾವೇ ಹೋಗಿ ಬಂದುಬಿಡೋಣ ಅತ್ತೆ. ಹೇಳೋದೇ ಬೇಡ” ಅಂದಳು ಸೊಸೆ.

“ನಿಂಗೊತ್ತಿಲ್ಲ. ನನಗೆ ಜ್ವರ ಬಂದಾಗ ಹಿಂಗೇ ಟ್ಯಾಕ್ಸಿಲಿ ಹೋಗಿದ್ದೆ. ಇವರು ಬಂದು ನೋಡ್ತಾರೆ, ಬೀಗ. ತಿಂಗಳು ಮಾತಾಡ್ಲಿಲ್ಲ. ಎದುರುಬದುರು ಕೂತು ಇವರು ಬಿಚ್ಚೋದು, ನಾನು ಸುತ್ತೋದು, ಬಾಯಲ್ಲಿ ಒಂದು ಮಾತಿಲ್ಲ. ಅದಕ್ಕಿಂತ ಜ್ವರವೇ ವಾಸಿಯಾಗಿತ್ತು ಕಣೇ.”

ನೋವು ಬಂದದ್ದು ಒಂದು ಮಧ್ಯಾಹ್ನ. ಅತ್ತೆ ದೊಡ್ಡ ಪಂಪಿನ ಸುರುಳಿ ಸುತ್ತುತ್ತಿದ್ದರು. ಎಣಿಕೆಯ ನಡುವೆ ತಂತಿ ಬಿಟ್ಟುಬಿಟ್ಟರು. ಅವರು ಎಣಿಕೆಯ ನಡುವೆ ಕೈಬಿಟ್ಟದ್ದನ್ನು ಸೊಸೆ ಎಂದೂ ನೋಡಿರಲಿಲ್ಲ. ಬಲಗಣ್ಣು ಕೆಂಡದ ಹಾಗಿತ್ತು. ಅಂಗಡಿಯ ಮೋರಿಯ ಬಳಿ ಬಗ್ಗಿ ವಾಂತಿ ಮಾಡಿಕೊಂಡರು.

ಸೊಸೆ ಫೋನ್ ಮಾಡಿದಳು. ಆ ಕಡೆ ಗದ್ದಲ, ಸಂಘದವರೆಲ್ಲ ಸೇರಿದ್ದರು. “ಮಾವ, ಅತ್ತೆಗೆ ನೋವು ಬಂದಿದೆ. ಡಾಕ್ಟರಮ್ಮ ಹೇಳಿದ್ದು ಅದೇ ನೋವು. ಈಗಲೇ ಹೋಗಬೇಕು.”

“ಬಂದೆ” ಅಂದರು ಮಾವ. ಫೋನ್ ಕಟ್ಟಾಯಿತು.

ಶಾಲೆಯಿಂದ ಆಗಷ್ಟೇ ಬಂದಿದ್ದ ಪುಟ್ಟಿ ಕೇಳಿದಳು, “ಎಷ್ಟು ಸಲ ಅಂದ್ರು?”

“ಒಂದೇ ಸಲ.”

“ಒಂದೇ ಸಲ!” ಹುಡುಗಿ ಅಜ್ಜಿಯ ಹತ್ತಿರ ಓಡಿದಳು. “ಅಜ್ಜಿ, ತಾತ ಬರ್ತಾರೆ! ಒಂದೇ ಸಲ ಅಂದಿದಾರೆ!”

ಅತ್ತೆ ಆ ನೋವಿನಲ್ಲೂ ಮುಖ ಅರಳಿಸಿದರು. “ನೋಡ್ದ್ಯಾ, ನನಗೂ ಒಂದು ಸಲ ಅಂದ್ರು” ಎಂದು ಸೊಸೆಗೆ ಹೇಳಿದರು. ಆ ಮಾತನ್ನು ಸೊಸೆ ಆಮೇಲೆ ಎಷ್ಟು ದಿನವಾದರೂ ಮರೆಯಲಾರದೆ ಹೋದಳು.

ಹಾಗಾಗಿ ಕಾದರು. ಇಡೀ ಕಥೆಯ ಮೂರ್ಖತನ ಇಷ್ಟೇ. ಅವರು ಎರಡು ಸಲ ಅಂದಿದ್ದರೆ ಸೊಸೆ ಆ ಕ್ಷಣವೇ ಟ್ಯಾಕ್ಸಿ ಕರೆಯುತ್ತಿದ್ದಳು. ಒಂದು ಸಲ ಅಂದದ್ದಕ್ಕೆ ನಂಬಿದಳು. ಒದ್ದೆ ಬಟ್ಟೆ ಹಣೆಗೆ ಒತ್ತಿದಳು, ಬೀದಿಯ ತುದಿ ನೋಡಿದಳು, ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ. ಗಾಡಿ ಓಡಿಸುತ್ತಿರಬೇಕು, ದಾರಿಯಲ್ಲೇ ಇರಬೇಕು ಅಂದುಕೊಂಡಳು. ಟ್ಯಾಕ್ಸಿ ಕರೀತೀನಿ ಅಂದಾಗಲೆಲ್ಲ ಅತ್ತೆ ಅವಳ ಕೈ ಹಿಡಿದು, “ಇನ್ನೇನು ಬಂದರು, ನಾವು ಹೊರಟ್ಮೇಲೆ ಬಂದ್ರೆ?” ಎಂದರು. ಎದುರಿನ ಗೋಡೆಯ ಬಿಸಿಲು ಮಾಡಿನವರೆಗೆ ಹತ್ತಿ ಮಾಯವಾಯಿತು. ಕೊನೆಗೆ ಅತ್ತೆ, “ಲೈಟ್ ಹಾಕೇ, ಬಲಗಡೆ ಕತ್ತಲಾಯ್ತು” ಅಂದರು. ಲೈಟು ಹತ್ತಿಸಿ ಆಗಲೇ ಬಹಳ ಹೊತ್ತಾಗಿತ್ತು. ಸೊಸೆ ಇನ್ನು ಯಾರ ಮಾತನ್ನೂ ಕೇಳಲಿಲ್ಲ. ರಸ್ತೆಗೆ ಓಡಿ ಟ್ಯಾಕ್ಸಿಯ ಮುಂದೆ ಅಡ್ಡ ನಿಂತಳು.

“ನೋವು ಶುರುವಾಗಿದ್ದು ಯಾವಾಗ?” ಡಾಕ್ಟರಮ್ಮ ಕೇಳಿದಳು.

“ಮಧ್ಯಾಹ್ನ.”

“ಮತ್ತೆ ಇಷ್ಟು ಹೊತ್ತು ಏನ್ ಮಾಡ್ತಿದ್ರಿ?”

ಸೊಸೆಗೆ ಉತ್ತರ ಗೊತ್ತಿತ್ತು. ಒಂದು ಸಲ ಬಂದೆ ಅಂದರು, ಅದಕ್ಕೆ ಕಾದೆವು. ಅದನ್ನು ಹೊರಗಿನವರಿಗೆ ಯಾವ ಬಾಯಲ್ಲಿ ಹೇಳುವುದು? ಹುಟ್ಟಿದಾಗಿನಿಂದ ಅಷ್ಟು ಅವಮಾನ ಅವಳಿಗೆ ಆಗಿರಲಿಲ್ಲ.

ಔಷಧಿ ಹಾಕಿದರು, ಕಣ್ಣೊಳಗಿನ ಒತ್ತಡ ಇಳಿಸಿದರು, ಮಾರನೆಯ ದಿನ ಲೇಸರ್ ಮಾಡಿದರು. ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು.

ಲೇಸರ್ ಆದ ಮೇಲೆ ಮಾವ ಆಸ್ಪತ್ರೆಗೆ ಬಂದರು. ಅಂಗಿಯ ಮೇಲೆ ಯಾರದೋ ರಕ್ತ ಒಣಗಿತ್ತು. ಹೊರಟವರಿಗೆ ದಾರಿಯಲ್ಲೇ ಇನ್ನೊಂದು ಫೋನ್ ಬಂದಿತ್ತು. ಕಟ್ಟುತ್ತಿದ್ದ ಕಟ್ಟಡದ ಸಾರುವೆಯಿಂದ ಇಬ್ಬರು ಕೆಲಸಗಾರರು ಬಿದ್ದಿದ್ದರು. ರಾತ್ರಿಯಿಡೀ ಅವರ ಜೊತೆಗಿದ್ದು ಇಬ್ಬರನ್ನೂ ಉಳಿಸಿದ್ದರು. ಪಡಸಾಲೆಯಲ್ಲಿ ಯಾರೋ ಎದ್ದು ನಿಂತು ಅವರಿಗೆ ನಮಸ್ಕಾರ ಮಾಡಿದರು.

“ಅವರು ಸಾಯ್ತಿದ್ರು” ಅಂದರು ಮಾವ, ಮಂಚದ ಪಕ್ಕ ನಿಂತು. “ಇದು ಕಣ್ಣು ನೋವು, ಮನೆಯೋರು, ಸ್ವಲ್ಪ ಕಾಯ್ತಾರೆ ಅಂದ್ಕೊಂಡೆ. ಇಷ್ಟಾಗತ್ತೆ ಅಂತ ನನಗೇನು ಕನಸು ಬಿದ್ದಿತ್ತಾ? ನೀನೇ ಹೇಳು…”

ಅತ್ತೆ ಎಡಗೈ ಅಂಗೈ ಎತ್ತಿ ಹಿಡಿದರು, ಸುತ್ತು ಎಣಿಸುವಾಗಿನ ಹಾಗೆ. ಮಾವ ರೂಢಿಯಂತೆ ಮಾತು ನಿಲ್ಲಿಸಿದರು, ಕೈ ಇಳಿಯಲಿ ಎಂದು ನಿಂತರು. ನರ್ಸು ಬಂದು ಹೊರಗೆ ಹೋಗಿ ಅನ್ನುವವರೆಗೂ ಅದು ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ಮಾವ ಟೀ ಮಾಡಿದರು. ನೆಲ ಒರೆಸಿದರು, ಅದೂ ಕವಾಯತಿನ ಹಾಗೆ, ಮೂಲೆ ಮೂಲೆಗೂ. ಹೆಂಡತಿಗೆ ಗಂಜಿ ತಂದುಕೊಟ್ಟರು. ಅಟ್ಟ ಮೇಲೆ ಒಲೆ ಉರಿಯಿತು ಎಂದು ಸೊಸೆ ಮನಸ್ಸಿನಲ್ಲೇ ಅಂದುಕೊಂಡಳು. ಮೂರನೆಯ ದಿನ ಗಂಜಿಯ ಲೋಟ ಕೈಯಲ್ಲಿರುವಾಗಲೇ ಫೋನ್ ಬಂತು. “ಬಂದೆ” ಅಂದು, ಲೋಟವನ್ನು ಕಿಟಕಿಯ ಮೇಲಿಟ್ಟು ಹೋದರು.

ಅತ್ತೆ ಅಂಗಡಿಗೆ ಬರತೊಡಗಿದರು. ಸುರುಳಿ ಸುತ್ತಲು ಬೆರಳಿಗೆ ಕಣ್ಣು ಬೇಕಿರಲಿಲ್ಲ, ಎಣಿಕೆಯೂ ತಪ್ಪುತ್ತಿರಲಿಲ್ಲ. ಸುತ್ತಿದ್ದನ್ನು ಮೋಟಾರಿನ ಸೀಳುಗಳಲ್ಲಿ ಕೂರಿಸುವಾಗ ಕೈ ಸೋಲುತ್ತಿತ್ತು. ಒಂದೇ ಕಣ್ಣಿಗೆ ಸೀಳು ಎಷ್ಟು ಆಳವಿದೆ, ತಂತಿ ಎಷ್ಟು ಹತ್ತಿರ ಬಂತು ಅನ್ನುವುದು ತಿಳಿಯುತ್ತಿರಲಿಲ್ಲ. ತಂತಿ ಅಂಚಿಗೆ ಉಜ್ಜಿ ಮೇಲಿನ ಲೇಪ ಕೆರೆದುಹೋಗುತ್ತಿತ್ತು. ಕೊಟ್ಟ ಫ್ಯಾನು ವಾರದಲ್ಲೇ ಸುಟ್ಟು ವಾಪಸು ಬರುತ್ತಿತ್ತು. ಕೊನೆಗೆ ಸೊಸೆಯೇ ಕೂರಿಸಲು ಕಲಿಯತೊಡಗಿದಳು, ಅವಳ ಕೈಯಿಂದ ಹಾಳಾದವೂ ಕಡಿಮೆಯೇನಲ್ಲ. ಗಿರಾಕಿಗಳು ಮುಂದಿನ ಬೀದಿಯ ಅಂಗಡಿಗೆ ತಿರುಗಿದರು.

“ವಯಸ್ಸಾಯ್ತಲ್ಲ ಅವಳಿಗೆ, ಕಣ್ಣು ಮಂದ” ಎಂದು ಮಾವ ಒಬ್ಬ ಗಿರಾಕಿಗೆ ಹೇಳುತ್ತಿದ್ದರು. ಸೊಸೆ ಒಳಗಿನಿಂದ ಬಂದು ಕೈಯಲ್ಲಿದ್ದ ಸುತ್ತಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ವಯಸ್ಸಲ್ಲ ಮಾವ. ನಿಜ ಹೇಳಿ.”

ಗಿರಾಕಿ ತಾನು ಕೊಟ್ಟಿದ್ದ ಮಿಕ್ಸಿಯನ್ನೇ ವಾಪಸು ತೆಗೆದುಕೊಂಡು ಮೆಲ್ಲಗೆ ಜಾರಿಕೊಂಡ.

“ಏನು ನಿಜ?” ಮಾವ ಎದ್ದರು. “ನಾನು ಕುಡಿದು ಬಿದ್ದಿದ್ನಾ? ಜೂಜಾಡ್ತಿದ್ನಾ? ಎರಡು ಜೀವ ಉಳಿಸ್ತಿದ್ದೆ!”

“ಉಳಿಸಿ. ಯಾರು ಬೇಡ ಅಂದ್ರು? ಬರಕ್ಕಾಗಲ್ಲ ಅಂತ ಒಂದು ಮಾತು ಹೇಳ್ಬೇಕಿತ್ತು. ನಾವು ಹೋಗ್ತಿದ್ವಿ.”

“ಬಂದೆ ಅಂದ್ಮೇಲೆ ಬರ್ತಿದ್ದೆ.”

“ನೀವು ಮನೇಗೆ ಯಾವಾಗ ಬಂದಿದ್ದೀರಿ? ಒಂದು ಸಲ ಬಂದೆ ಅಂದ್ರೆ ಊರಿಗೆ, ಎರಡು ಸಲ ಅಂದ್ರೆ ಮನೆಗೆ. ಎರಡು ಸಲ ಅಂದ್ರೆ ನೀವು ಬರಲ್ಲ ಅಂತ ಪುಟ್ಟಿಗೂ ಗೊತ್ತು. ಅವತ್ತು ಒಂದೇ ಸಲ ಅಂದ್ರಿ. ಅದಕ್ಕೇ ಕಾದ್ವಿ. ಅತ್ತೆ ಖುಷಿಪಟ್ರು ಮಾವ! ಕಣ್ಣು ಹೋಗ್ತಾ ಇದ್ರೂ ಖುಷಿಪಟ್ರು!”

ಮಾವನ ಮುಖ ಬಿಳಿಚಿತು. ಅತ್ತೆಯ ಕಡೆ ತಿರುಗಿದರು. ಅತ್ತೆ ತಂತಿಯ ಉರುಳೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

“ಇದೇನೇ ಇವಳು ಹೇಳೋದು?”

“ಮಕ್ಕಳ ಆಟ” ಅಂದರು ಅತ್ತೆ. “ಬಿಡಿ.”

ಮಾವ ವ್ಯಾನು ಹತ್ತಿ ಹೋದರು. ಆ ರಾತ್ರಿ ಸೊಸೆಗೆ ಅವಳ ಗಂಡ, “ಅಪ್ಪನ ಹತ್ರ ಹಂಗೆ ಮಾತಾಡ್ಬಾರ್ದಿತ್ತು” ಅಂದ. “ಹಂಗಾದ್ರೆ ನೀವು ಹೆಂಗೆ ಮಾತಾಡ್ತೀರೋ ಮಾತಾಡಿ, ಕೇಳ್ತೀನಿ” ಅಂದಳು. ಅವನಿಗೆ ತಕ್ಷಣ ನಿದ್ದೆ ಬಂತು.

ಸಂಘದ ಕಾರ್ಯದರ್ಶಿ ಮನೆಗೆ ಬಂದದ್ದು ಅದಾದ ಕೆಲವು ವಾರಕ್ಕೆ. ದಪ್ಪ ಕನ್ನಡಕದ, ಎಲ್ಲದಕ್ಕೂ ಕೈ ಜೋಡಿಸುವ ಮನುಷ್ಯ. ಮಿಲ್ಟ್ರಿಯಣ್ಣನಿಗೆ ಊರಿನ ಪರವಾಗಿ ಗೌರವ, ಫಲಕ, ಭಾಷಣ. ಮನೆಯವರು ಮುಂದಿನ ಸಾಲಿನಲ್ಲಿ ಕೂರಬೇಕು. “ಅಮ್ಮನ ಕೈಯಿಂದಲೇ ಫಲಕ ಕೊಡಿಸೋಣ ಅಂತಿದೀವಿ. ಅವರ ತ್ಯಾಗ ಏನು ಸಣ್ಣದಾ?”

“ನಾವ್ಯಾರೂ ಬರಲ್ಲ” ಅಂದಳು ಸೊಸೆ, ಟೀ ಲೋಟ ಇಡುತ್ತ.

“ಬರ್ತೀವಿ” ಅಂದರು ಅತ್ತೆ. “ಎಲ್ರೂ ಬರ್ತೀವಿ.”

ಕಾರ್ಯದರ್ಶಿ ಹೋದ ಮೇಲೆ ಸೊಸೆ ಸಿಡಿದಳು. “ನಿಮಗೆ ಮಾನ ಇಲ್ವಾ ಅತ್ತೆ? ನಿಮ್ಮ ಕಣ್ಣು ತಿಂದೋರಿಗೆ ನಿಮ್ಮ ಕೈಯಿಂದಲೇ ಫಲಕ ಕೊಡ್ತೀರಾ?”

“ನನ್ನ ಹಸಿರು ಬಟ್ಟೆ ಇಸ್ತ್ರಿ ಮಾಡ್ಕೊಡೇ. ಮಡಿಕೆ ಬಿದ್ದಿದೆಯೋ ಇಲ್ವೋ ನನಗೆ ಸರಿಯಾಗಿ ಕಾಣಲ್ಲ” ಅಂದರು ಅತ್ತೆ.

ಸಭೆ ತುಂಬಿತ್ತು. ಮಾವ ಉಳಿಸಿದವರೇ ಅರ್ಧ ಇದ್ದರು. ಸಾರುವೆಯಿಂದ ಬಿದ್ದ ಇಬ್ಬರೂ ಊರುಗೋಲು ಹಿಡಿದು ಬಂದಿದ್ದರು, ಒಬ್ಬನ ತಾಯಿ ಮಾವನ ಕೈ ಹಿಡಿದು ಅತ್ತಳು. ಅದನ್ನು ನೋಡಿ ಸೊಸೆಯೂ ಕಣ್ಣು ಒರೆಸಿಕೊಂಡಳು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮನುಷ್ಯ ಪೂರಾ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

ಮಾವ ಎದೆಯ ಮೇಲೆ ಪದಕ ಹಾಕಿಕೊಂಡು ಮೈಕಿನ ಮುಂದೆ ನಿಂತರು. ಮನೆಯವರಿಗೆ ಬಾಯಿಪಾಠವಾಗಿದ್ದ ಯುದ್ಧದ ಕಥೆ ಹೇಳಿದರು. ಲಾರಿ ತುಂಬ ಗಾಯಾಳುಗಳು. ಹಳ್ಳದಿಂದ ಒಬ್ಬ ಹುಡುಗ ಕೂಗಿದ. “ಬಂದೆ” ಅಂತ ಕೂಗಿ ಹೇಳಿ ಲಾರಿ ಓಡಿಸಿದರು. ತಿರುಗಿ ಹೋಗುವಷ್ಟರಲ್ಲಿ ಅವನು ಇರಲಿಲ್ಲ. ಕಾಯುತ್ತ ಲಾರಿ ಹೋದ ಕಡೆಗೇ ಮುಖ ಮಾಡಿ ಸತ್ತಿದ್ದ.

“ಅವತ್ತು ಆಣೆ ಮಾಡಿದೆ” ಮಾವ ಎದೆಯ ಪದಕ ಮುಟ್ಟಿಕೊಂಡರು. “ಅವತ್ತಿನಿಂದ ಇವತ್ತಿನವರೆಗೆ, ಬಂದೆ ಅಂತ ಹೇಳಿ ನಾನು ಹೋಗದೆ ಇದ್ದದ್ದು ಒಂದೇ ಒಂದು ಸಲವೂ ಇಲ್ಲ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಉಳಿದ ಒಂದು ಕಣ್ಣಿನಿಂದ ವೇದಿಕೆಯನ್ನೇ ನೋಡುತ್ತಿದ್ದರು, ತುಟಿ ಮೆಲ್ಲಗೆ ಆಡುತ್ತಿತ್ತು, ಏನೋ ಎಣಿಸುತ್ತಿರುವ ಹಾಗೆ.

“ಈಗ ನಮ್ಮ ಅಮ್ಮನವರು ವೇದಿಕೆಗೆ ಬಂದು, ತಮ್ಮ ಅಮೃತ ಹಸ್ತದಿಂದ…” ಕಾರ್ಯದರ್ಶಿ ಮೈಕಿನಲ್ಲಿ ಕರೆದರು.

ಮಾವ ವೇದಿಕೆಯ ಅಂಚಿಗೆ ಬಂದು ಕೈ ಚಾಚಿದರು. “ಬಾರೇ.”

“ಬಂದೆ, ಬಂದೆ” ಅಂದರು ಅತ್ತೆ.

ಧ್ವನಿ ದೊಡ್ಡದಾಗಿಯೇ ಇತ್ತು. ಹಿಂದಿನ ಸಾಲಿನವರು ಪ್ರೀತಿಯಿಂದ ನಕ್ಕರು. ಪುಟ್ಟಿ ಅಮ್ಮನ ತೊಡೆ ಚಿವುಟಿ, “ಎರಡು ಸಲ” ಎಂದು ಪಿಸುಗುಟ್ಟಿದಳು. ಗಂಡ ಈ ಸಲ ತಲೆ ಎತ್ತಿ ನೋಡಿದ. ಅತ್ತೆ ಕೈ ಮಡಚಿ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಹಿಂದಕ್ಕೆ ಒರಗಿ ಕೂತರು.

ಚಪ್ಪಾಳೆ ಮತ್ತೊಮ್ಮೆ ಎದ್ದು ತಾನಾಗಿ ಅಡಗಿತು. ಕುರ್ಚಿಗಳು ಕಿರುಗುಟ್ಟಿದವು. ವೇದಿಕೆಯ ಮೇಲೆ ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ತಿಳಿಯದೆ ನಿಂತಿದ್ದರು. ಅವರಿಗೆ ಅರ್ಥವಾಗಿತ್ತು. ಕಾರ್ಯದರ್ಶಿಗೆ ಮಾತ್ರ ಆಗಿರಲಿಲ್ಲ, ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೆಟ್ಟಿಲಿಳಿದು ಓಡಿ ಬಂದರು.

“ಏನಾಯ್ತಮ್ಮಾ? ಕಾಲು ನೋವಾ? ಹಿಡ್ಕೊಳ್ಳಲಾ?”

“ಇಲ್ಲಪ್ಪಾ, ಕಾಲು ಚೆನ್ನಾಗಿದೆ.”

“ಮತ್ತೆ ಬನ್ನಿ, ಅಣ್ಣ ಕಾಯ್ತಿದಾರೆ.”

“ಕಾಯ್ಲಿ” ಅಂದರು ಅತ್ತೆ. “ಬಂದೆ ಅಂದ್ನಲ್ಲಪ್ಪಾ.”